ಕೆರೆಯ ಎರಡು ಸಣ್ಣ ಮೀನುಗಳು: ಅವುಗಳ ಗಾತ್ರ ಮತ್ತು ಗುರುತು

ಕೆರೆಯ ಅಂಚಿನ ತಿಳಿನೀರಿನಲ್ಲಿ ಬೆರಳುದ್ದವನ್ನು ಮೀರದ ಮೀನುಗಳು ಗುಂಪುಗೂಡಿ ಈಜುವುದನ್ನು ಎಲ್ಲರೂ ಕಂಡಿರುತ್ತಾರೆ. ಇವೆಲ್ಲವೂ ದೊಡ್ಡ ಮೀನುಗಳ ಮರಿಗಳೆಂದು ಭಾವಿಸುವುದು ವಾಡಿಕೆ. ಆದರೆ ಇವುಗಳಲ್ಲಿ ಕೆಲವು ಎಷ್ಟು ಕಾಲ ಕಳೆದರೂ ಹೆಚ್ಚು ಬೆಳೆಯತಕ್ಕವಲ್ಲ. ಅಂತಹವುಗಳಲ್ಲಿ ಗಂಬೂಸಿಯಾ ಎಂಬುದು ಪರದೇಶದ್ದು. ಶಾಸ್ತ್ರಜ್ಞರು ಅಪ್ಲೋಕೀಲಸ್ ಎಂದು ಕರೆಯುವುದು ನಮ್ಮ ನಾಡಿನದೇ. ಎರಡೂ ಸೊಳ್ಳೆಯ ಮರಿಗಳನ್ನು ತಿನ್ನುತ್ತವೆಯಾದರೂ ಕೆರೆಗೆ ಇವುಗಳಿಂದಾಗುವ ಪರಿಣಾಮವು ಒಂದೇ ಅಲ್ಲ. ಆದಕಾರಣ ಇವುಗಳ ಗುರುತನ್ನು ಗ್ರಾಮದ ಮುಖಂಡರೂ ಭೂಮಾಲೀಕರೂ ಅರಿತಿರುವುದು ಅವಶ್ಯಕ.

ಗಂಬೂಸಿಯಾ: ಇದರ ಮೂಲಸ್ಥಾನ ಉತ್ತರ ಅಮೆರಿಕಾ. ಮಲೇರಿಯಾ ನಿವಾರಣೆಗಾಗಿ 1928ನೆಯ ಇಸವಿಯಲ್ಲಿ ಇಟಲಿಯಿಂದ ಭಾರತಕ್ಕೆ ತರಲ್ಪಟ್ಟಿತು. ಹೆಣ್ಣು ಸುಮಾರು 2ರಿಂದ 2½ ಅಂಗುಲ, ಗಂಡು 1ರಿಂದ 1½ ಅಂಗುಲ ಉದ್ದವಿರುತ್ತದೆ. ಮೈಬಣ್ಣ ಬೂದು, ತಲೆ ಚಪ್ಪಟೆ, ಬಾಯಿ ಮೇಲ್ಮುಖ, ಬಾಲದ ಅಂಚು ದುಂಡು. ಗಂಡಿನ ಹೊಟ್ಟೆಯ ಕೆಳಗಣ ಹಿಂದಿನ ಈಜುರೆಕ್ಕೆಯು ಸಣ್ಣ ಕಡ್ಡಿಯಂತೆ ನೀಳವಾಗಿರುತ್ತದೆ. ಇದು ಮೊಟ್ಟೆಯಿಡದೆ ಜೀವಂತ ಮರಿಗಳನ್ನೇ ಹಾಕುತ್ತದೆ. ಗರ್ಭ ಧರಿಸಿದ ಹೆಣ್ಣಿನ ಹೊಟ್ಟೆಯ ಹಿಂಭಾಗದಲ್ಲಿ ಕಪ್ಪು ಮಚ್ಚೆ ಕಾಣುತ್ತದೆ. ಗರ್ಭಕಾಲವು 3-4 ವಾರಗಳಷ್ಟೇ ಆದುದರಿಂದ ಇದರ ಸಂತಾನವು ಶೀಘ್ರವಾಗಿ ಹೆಚ್ಚುತ್ತದೆ.

ಅಪ್ಲೋಕೀಲಸ್: ಇದರ ಜಾತಿಗಳಲ್ಲಿ ದೊಡ್ಡದಾದ ಲೀನಿಯೇಟಸ್ ಎಂಬುದು 4 ಅಂಗುಲದವರೆಗೂ ಬೆಳೆಯಬಲ್ಲುದು. ನೆತ್ತಿಯ ಮೇಲೆ ಮಿನುಗುವ ಬಿಳಿಯ ಚುಕ್ಕೆಯೇ ಮುಖ್ಯವಾದ ಗುರುತು. ಪಕ್ಕಗಳಲ್ಲಿ ಹೊನ್ನಿನ ಬಣ್ಣದ ಚುಕ್ಕೆಗಳು ಸಾಲುಗೂಡಿರುತ್ತವೆ. ಹೊಟ್ಟೆಯ ಕೆಳಗಣ ಹಿಂದಿನ ಈಜುರೆಕ್ಕೆಯ ಬುಡವು ಗಂಬೂಸಿಯಾದ್ದಕ್ಕಿಂತ ಬಹಳ ಉದ್ದ. ಇದು ಜಲಸಸ್ಯಗಳಿಗೆ ಮೊಟ್ಟೆಗಳನ್ನು ಅಂಟಿಸುತ್ತದೆ.

ಗಂಬೂಸಿಯಾ ಸೊಳ್ಳೆಯ ಮರಿಗಳಿಂದಲೇ ತೃಪ್ತವಾಗುವುದಿಲ್ಲ. ಇತರ ಮೀನುಗಳ ಮೊಟ್ಟೆಗಳನ್ನೂ ಎಳೆಮರಿಗಳನ್ನೂ, ಕಪ್ಪೆಯ ಮರಿಗಳನ್ನೂ ತಿಂದುಹಾಕುತ್ತದೆ. ತನಗಿಂತ ದೊಡ್ಡ ಮೀನುಗಳ ಈಜುರೆಕ್ಕೆಗಳನ್ನೂ ಕಚ್ಚುತ್ತದೆ. ಪ್ರಪಂಚದಲ್ಲಿ ಅತ್ಯಂತ ಹಾನಿಕರವಾದ ನೂರು ಹೊರಜೀವಿಗಳ ಪಟ್ಟಿಯಲ್ಲಿ ಇದೂ ಸೇರಿದೆ. ಒಮ್ಮೆ ಕೆರೆಯಲ್ಲಿ ನೆಲೆಗೊಂಡರೆ ಇದನ್ನು ನಿರ್ಮೂಲ ಮಾಡುವುದು ಅತಿ ಕಷ್ಟ. ಕೋಡಿ ಹರಿದಾಗ ಕೆಳಗಿನ ಕೆರೆಗಳಿಗೂ ಹಬ್ಬುವುದು.

ಆದುದರಿಂದ ಮೀನುಮರಿ ಬಿಡುವ ಕೆರೆಗೆ ಗಂಬೂಸಿಯಾವನ್ನು ಸೇರಿಸಕೂಡದು. ನೀರು ಹೊರಹರಿಯದ ತೊಟ್ಟಿ, ಕಾರಂಜಿಕೊಳ ಮುಂತಾದುವುಗಳಲ್ಲಿ ಮಾತ್ರ ಇದನ್ನು ಇಡಬಹುದು. ಕೆರೆಯಲ್ಲಿ ಸೊಳ್ಳೆಯ ಉಪದ್ರವವಿದ್ದರೆ ಸ್ಥಳೀಯ ಮೀನಿನ ರಕ್ಷಣೆಯೇ ಲೇಸು. ಸಂದೇಹ ಬಂದಲ್ಲಿ ನಾಲ್ಕಾರು ಮೀನುಗಳನ್ನು ನೀರು ತುಂಬಿದ ಬಿಳಿಯ ಬೋಗುಣಿಗೆ ಹಾಕಿ, ಮೇಲಿನಿಂದ ನೆತ್ತಿಯ ಚುಕ್ಕೆಯನ್ನು ಪರೀಕ್ಷಿಸತಕ್ಕದ್ದು.