ಪಾರ್ಸಲ್ಲಿನಲ್ಲಿ ಬಂದ ಮೊಟ್ಟೆ: ಹನ್ನೆರಡಕ್ಕೆ ಮೂರೇ ಮರಿಯಾದರೆ ಯಾರನ್ನು ಕೇಳುವುದು?

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ನಮ್ಮ ನಾಲ್ಕೂ ತಾಲ್ಲೂಕಿನಲ್ಲಿ ಮೊಟ್ಟೆಗೇನೂ ಬರವಿಲ್ಲ. ಬೀದಿಗೊಂದು ಅಂಗಡಿ, ಅಂಗಡಿಗೆ ಹತ್ತು ಟ್ರೇ. ಆದರೂ ಫೋನಿನಲ್ಲಿ ದುಡ್ಡು ಕಟ್ಟಿ ದೂರದೂರಿನಿಂದ ರಟ್ಟಿನ ಡಬ್ಬಿಯಲ್ಲಿ ಮೊಟ್ಟೆ ತರಿಸುವವರು ಈಗ ಹುಟ್ಟಿಕೊಂಡಿದ್ದಾರೆ. ತಿನ್ನೋದಕ್ಕಲ್ಲ ಸ್ವಾಮಿ, ಮರಿ ಮಾಡಿಸೋದಕ್ಕೆ!

ಒಬ್ಬರಿಗೆ ಮಧ್ಯಪ್ರದೇಶದ ಝಾಬುವಾ ಕಡೆಯ ಕಪ್ಪು ಕೋಳಿ ಕಡಕನಾಥ್ ಬೇಕು. 2018ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು, ಬೇಡಿಕೆ ಏರಿತು. ಇನ್ನೊಬ್ಬರಿಗೆ ಅಸೀಲ್ ಬೇಕು, ಮತ್ತೊಬ್ಬರಿಗೆ ಗಿರಿರಾಜ. ಕೊರಿಯರ್ ಉಂಟು, 2021ರಲ್ಲಿ ಕೆ.ಎಸ್.ಆರ್.ಟಿ.ಸಿ. ಶುರು ಮಾಡಿದ 'ನಮ್ಮ ಕಾರ್ಗೋ' ಬಂದ ಮೇಲೆ ಬಸ್ಸಿನಲ್ಲಿ ಪಾರ್ಸಲ್ ಕಳಿಸುವುದೂ ಮಾಮೂಲಾಯಿತು. ಆದರೆ ಮೊಟ್ಟೆ ಸೋಪಿನ ಬಿಲ್ಲೆಯಲ್ಲವಲ್ಲ!

ಹುಂಜದ ಜೊತೆಗಿದ್ದ ಹ್ಯಾಟೆ ಇಟ್ಟ ಮೊಟ್ಟೆಯಲ್ಲಿ ಜೀವ ಆಗಲೇ ಮೊಳೆತು ನಿದ್ದೆ ಹೋಗಿರುತ್ತದೆ. ಅದು ತಂಪಾಗಿ, 15ರಿಂದ 18 ಡಿಗ್ರಿಯಲ್ಲಿ ಇದ್ದರೆ ನಿದ್ದೆ ಕೆಡುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಗೋಡೌನಿನಲ್ಲೋ ಗಾಡಿಯ ಡಿಕ್ಕಿಯಲ್ಲೋ ಕೂತರೆ ಅರೆಬರೆ ಎಚ್ಚರವಾಗುತ್ತದೆ. ರಾತ್ರಿ ತಂಪಾದರೆ ಮತ್ತೆ ತಡೆಯುತ್ತದೆ. ಹೀಗೆ ಎರಡು ಮೂರು ದಿನ ಎದ್ದು ಮಲಗಿ ಮಾಡಿದರೆ ಒಳಗಿನ ಜೀವ ಸೋತುಹೋಗುತ್ತದೆ. ಮೇಲಿನ ಚಿಪ್ಪು ಮಾತ್ರ ನೆಟ್ಟಗಿರುತ್ತದೆ!

ಎರಡನೆಯದು ಕುಲುಕಾಟ. ಮೊಟ್ಟೆಯ ದಪ್ಪ ತುದಿಯಲ್ಲಿ ಒಂದು ಗಾಳಿಯ ಗೂಡು ಇರುತ್ತದೆ. ಮರಿ ಚಿಪ್ಪು ಒಡೆಯುವ ಮುಂಚೆ ಮೊದಲ ಉಸಿರು ಎಳೆಯುವುದು ಅದರಿಂದಲೇ. ಹಂಪ್ಸ್ ಮೇಲೆ ಎಗರಿ, ಚೀಲದ ಕೆಳಗೆ ಬಿದ್ದು ಬಂದ ಮೊಟ್ಟೆಯಲ್ಲಿ ಆ ಗೂಡು ಸಡಿಲವಾಗಿ ಅತ್ತಿತ್ತ ಓಡಾಡುತ್ತದೆ. ಇನ್ನು ವಯಸ್ಸಿನ ಮಾತು: ಇಟ್ಟು ಏಳು ದಿನ ದಾಟಿದರೆ ಮರಿಯಾಗುವ ಸಂಖ್ಯೆ ದಿನದಿನಕ್ಕೂ ಇಳಿಯುತ್ತದೆ. ಮಾರುವವರು ನಾಲ್ಕು ದಿನ ಕೂಡಿಟ್ಟು ಕಳಿಸಿದ್ದು, ದಾರಿಯಲ್ಲಿ ನಾಲ್ಕು ದಿನ ಕಳೆದರೆ ಲೆಕ್ಕ ನೀವೇ ಹಾಕಿ. ಊರಿನ ತಾಜಾ ಮೊಟ್ಟೆಗೆ ಹತ್ತಕ್ಕೆ ಏಳೆಂಟು ಮರಿಯಾದರೆ, ಪಾರ್ಸಲ್ ಮೊಟ್ಟೆಗೆ ಅರ್ಧ ಬಂದರೂ ಪುಣ್ಯ ಅನ್ನುತ್ತಾರೆ ಪಳಗಿದವರು.

ಜಗಳ ಶುರುವಾಗುವುದೇ ಇಲ್ಲಿ. ''ಏನ್ರೀ, ಹನ್ನೆರಡಕ್ಕೆ ಮೂರೇ ಮರಿ?'' ಅಂತ ಇವರು. ''ನಾನು ಒಡೆಯದ ಮೊಟ್ಟೆ ಕಳಿಸಿದ್ದೀನಿ, ನಿಮ್ಮ ಕಾವು ಸರಿಯಿಲ್ಲ'' ಅಂತ ಅವರು. ''ಡಬ್ಬಿ ಹರಿದಿಲ್ಲ, ನಮ್ಮ ಜವಾಬ್ದಾರಿ ಮುಗೀತು'' ಅಂತ ಸಾಗಿಸಿದವರು. ಮೂವರ ನಡುವೆ ದುಡ್ಡು ಕಳಕೊಂಡವರು ಸಂಘದಲ್ಲಿ ಸಾಲ ಎತ್ತಿ ನಾಲ್ಕು ಕೋಳಿ ಮಾಡಿಕೊಳ್ಳೋಣ ಅಂದುಕೊಂಡ ಹೆಣ್ಣುಮಕ್ಕಳು. ಮರಿಯಾಗದ ಮೊಟ್ಟೆ ಇಪ್ಪತ್ತೊಂದು ದಿನ ಕಾವು ತಿಂದ ಮೇಲೆ ಆಮ್ಲೆಟ್ಟಿಗೂ ಆಗುವುದಿಲ್ಲ.

ಆದ್ದರಿಂದ ಡಬ್ಬಿ ಕೈಗೆ ಬಂದ ತಕ್ಷಣ ಕೆಲಸ ಶುರುವಾಗಬೇಕು. ತಂದವರ ಎದುರಿಗೇ ಬಿಚ್ಚಿ, ಫೋಟೋ ಹಿಡಿದಿಡಿ. ಬಿರುಕು ಬಿಟ್ಟಿದ್ದನ್ನು ಬೇರೆ ಮಾಡಿ. ತೊಳೆಯಬೇಡಿ, ತೊಳೆದರೆ ಚಿಪ್ಪಿನ ಮೇಲಿನ ಕಾಪು ಹೋಗಿ ರೋಗಾಣು ಒಳಗೆ ನುಗ್ಗುತ್ತವೆ. ಚೂಪು ತುದಿ ಕೆಳಗೆ, ದಪ್ಪ ತುದಿ ಮೇಲೆ ಬರುವಂತೆ ಟ್ರೇಯಲ್ಲಿಟ್ಟು ತಂಪಾದ ಕಡೆ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ಸುಮ್ಮನೆ ಬಿಡಿ. ಗಾಳಿಗೂಡು ತನ್ನ ಜಾಗಕ್ಕೆ ಬರಲು ಇದು ಬೇಕು. ಬಂದ ಗಳಿಗೆಯಲ್ಲೇ ಕಾವಿಗಿಡುವ ಆತುರದಲ್ಲಿ ಅರ್ಧ ನಷ್ಟವಾಗುವುದುಂಟು.

ಆಮೇಲೆ ಕಾವು. ಮೆಷೀನಾದರೆ 37.5 ಡಿಗ್ರಿ, ಹದಿನೆಂಟನೇ ದಿನದವರೆಗೆ ದಿನಕ್ಕೆ ಮೂರು ನಾಲ್ಕು ಸಲ ಮಗ್ಗುಲು ಬದಲಿಸಬೇಕು. ಕೊನೆಯ ಮೂರು ದಿನ ತಿರುಗಿಸಬಾರದು, ತೇವ ಹೆಚ್ಚಿಸಬೇಕು. ಏಳನೇ ದಿನ ಕತ್ತಲಲ್ಲಿ ಟಾರ್ಚ್ ಹಿಡಿದರೆ ಕೆಂಪು ನರಗಳು ಜೇಡರ ಬಲೆಯಂತೆ ಕಾಣಬೇಕು. ಏನೂ ಕಾಣದೆ ತಿಳಿಯಾಗಿದ್ದರೆ ಅದು ಗೊಡ್ಡು ಮೊಟ್ಟೆ, ಇಲ್ಲವೇ ಮೊದಲೇ ಸತ್ತದ್ದು. ಕರೆಂಟ್ ನಂಬುವ ಹಾಗಿಲ್ಲ ಅನ್ನುವವರಿಗೆ ಅಜ್ಜಿ ಕಾಲದ ಮಂಕರಿಯೇ ಗತಿ. ಹುಲ್ಲು ಹಾಸಿ, ಕಾವಿಗೆ ಕೂತ ನಾಟಿ ಹ್ಯಾಟೆಯ ಕೆಳಗೆ ಹತ್ತು ಹನ್ನೆರಡು ಇಟ್ಟರೆ ಬೆಸ್ಕಾಂ ಹಂಗಿಲ್ಲ. ಗುಡುಗಿಗೆ ಕೆಡುತ್ತದೆಂದು ಮಂಕರಿಯಲ್ಲಿ ಕಬ್ಬಿಣದ ಚೂರು ಇಡುವವರು ಇಡಲಿ, ನಷ್ಟವೇನಿಲ್ಲ. ಆದರೆ ದಾರಿಯಲ್ಲೇ ಕೆಟ್ಟದ್ದನ್ನು ಕಬ್ಬಿಣ ಸರಿ ಮಾಡಲಾರದು.

ತಳಿಯ ಮೋಸ ಇನ್ನೊಂದು. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಮಿಶ್ರ ತಳಿ. ಹಿತ್ತಲ ಗಿರಿರಾಜ ಇಟ್ಟ ಮೊಟ್ಟೆಯಿಂದ ಅದೇ ತೂಕ, ಅದೇ ಗುಣದ ಮರಿ ಬರುವುದಿಲ್ಲ. ಹಾಗಿರುವಾಗ 'ಅಸಲಿ ಗಿರಿರಾಜ ಮೊಟ್ಟೆ' ಅಂತ ಫೋನಿನಲ್ಲಿ ಕೂಗುವವರನ್ನು ''ತಂದೆ ತಾಯಿ ಯಾರಪ್ಪಾ?'' ಎಂದು ಕೇಳಬೇಕು. ರೋಗದ ಮಾತೂ ಇದೆ. ಬಿಳಿ ಭೇದಿಯಂಥ ರೋಗ ತಾಯಿಯಿಂದ ಮೊಟ್ಟೆಯೊಳಗೇ ಇಳಿದು ಬರುತ್ತದೆ. ಪಕ್ಕದ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ 2025ರಲ್ಲಿ ಹಕ್ಕಿಜ್ವರ ಕಾಣಿಸಿದ್ದನ್ನು ನಮ್ಮವರು ಮರೆತಿಲ್ಲ. ಊರು ಗೊತ್ತಿಲ್ಲದ ಮೊಟ್ಟೆ ತರಿಸುವುದು ನೆರೆಯವರ ಕೋಳಿಗೂ ಗಂಡಾಂತರ.

ಅಷ್ಟಕ್ಕೂ ಮೊಟ್ಟೆ ಸಾಗಿಸುವ ವಿದ್ಯೆ ಈ ಜಿಲ್ಲೆಗೆ ಹೊಸದೇ? ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ರೇಷ್ಮೆ ರೈತರನ್ನು ಕೇಳಿ. ಬಿತ್ತನೆ ಕೋಠಿಯಿಂದ ಹುಳುವಿನ ಮೊಟ್ಟೆ ತರುವುದು ಬೆಳಗಿನ ಅಥವಾ ಸಂಜೆಯ ತಂಪಿನಲ್ಲೇ. ತಾಯಿ ಚಿಟ್ಟೆಯನ್ನು ಪರೀಕ್ಷಿಸಿ ರೋಗವಿಲ್ಲವೆಂದು ಖಾತ್ರಿಯಾದ ಮೇಲಷ್ಟೇ ಮೊಟ್ಟೆ ಕೊಡುತ್ತಾರೆ. ಆ ಪರೀಕ್ಷೆಯನ್ನು 1860ರ ದಶಕದಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ತೋರಿಸಿಕೊಟ್ಟರು. ಅಷ್ಟು ಇದ್ದರೂ ಮೊಟ್ಟೆಯ ಗೊಡವೆಯೇ ಬೇಡವೆಂದು ಚಾಕಿ ಕೇಂದ್ರದಿಂದ ನೇರ ಹುಳುವನ್ನೇ ತರುವ ರೈತರು ಬಹಳ.

ಕೋಳಿಗೂ ಅದೇ ಬುದ್ಧಿ. ಆಗ ತಾನೇ ಹುಟ್ಟಿದ ಮರಿ, ಹೊಟ್ಟೆಯಲ್ಲಿ ಉಳಿದ ಹಳದಿಯ ಬಲದಿಂದ ಎರಡು ದಿನ ತಡೆಯುತ್ತದೆ. ಅಮೆರಿಕದಲ್ಲಿ 1918ರಿಂದಲೇ ಅಂಚೆಯಲ್ಲಿ ಮರಿ ಕಳಿಸುತ್ತಿರುವುದು ಈ ಧೈರ್ಯದ ಮೇಲೆಯೇ. ನಮಗೆ ಅಷ್ಟು ದೂರ ಯಾಕೆ? ನೆಲಮಂಗಲ, ದೊಡ್ಡಬಳ್ಳಾಪುರದವರಿಗೆ ಹೆಸರಘಟ್ಟದ ಕೇಂದ್ರ ಕುಕ್ಕುಟ ಅಭಿವೃದ್ಧಿ ಸಂಸ್ಥೆ ಹತ್ತಿರವೇ, ದೇವನಹಳ್ಳಿಯವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಬಸ್ ದಾರಿಯಲ್ಲೇ. ಮರಿ ಯಾವಾಗ ಸಿಗುತ್ತದೆಂದು ವಿಚಾರಿಸಿಕೊಂಡು ಹೋಗಿ. ಕಣ್ಣೆದುರು ಎಣಿಸಿ ತಂದ ಹತ್ತು ಮರಿ, ಪಾರ್ಸಲ್ಲಿನ ಇಪ್ಪತ್ತು ಮೊಟ್ಟೆಗಿಂತ ವಾಸಿ.

ಮೊಟ್ಟೆಯೇ ಬೇಕೆಂಬ ಹಟವಿದ್ದರೆ, ದುಡ್ಡು ಕಟ್ಟುವ ಮುಂಚೆ ಮೂರು ಮಾತು ಬರೆಸಿಕೊಳ್ಳಿ: ಇಟ್ಟ ತಾರೀಖು, ಹುಂಜ ಜೊತೆಗಿತ್ತೇ, ಒಡೆದದ್ದಕ್ಕೆ ಯಾರು ಹೊಣೆ. ಹೇಳಲು ಹಿಂದೆಮುಂದೆ ನೋಡುವವರ ಮೊಟ್ಟೆ ಅವರ ಹ್ಯಾಟೆಯ ಕೆಳಗೇ ಇರಲಿ.