ಗೋಡೆಯೂ ಫಿಲ್ಮೂ
ಹಳೆಯ ಮನೆಯ ದುರಸ್ತಿಗೂ ಫಿಲ್ಮಿನ ಛಾಯಾಗ್ರಹಣಕ್ಕೂ ಒಂದು ಸಾಮ್ಯವಿದೆ: ಎರಡರಲ್ಲಿಯೂ ಕಳೆದುಹೋದದ್ದನ್ನು ಹಿಂದಕ್ಕೆ ತರುವಂತಿಲ್ಲ. ಎರಡನ್ನೂ ಒಂದೇ ಸೂರಿನಡಿ ನಡೆಸಹೊರಟ ನನ್ನಂಥ ಹವ್ಯಾಸಿಗೆ ಇದು ಬೇಗನೆ ಮನದಟ್ಟಾಗುತ್ತದೆ.

ಮೊದಲನೆಯ ಶತ್ರು ಧೂಳು. 35 ಮಿಲಿಮೀಟರ್ ಫಿಲ್ಮು ತನ್ನ ಡಬ್ಬಿಯಿಂದ ಹೊರಬರುವ ಸೀಳಿಗೆ ಬೆಳಕನ್ನು ತಡೆಯಲೆಂದು ಮಖಮಲ್ಲಿನ ಅಂಚು ಕಟ್ಟಿರುತ್ತಾರೆ. ಅದರಲ್ಲಿ ಮರಳಿನ ಒಂದು ಕಣ ಸಿಕ್ಕಿಕೊಂಡರೆ ಸಾಕು, ಸುರುಳಿಯ ಉದ್ದಕ್ಕೂ ಗೆರೆ ಕೊರೆಯುತ್ತದೆ. ನಾನು ತೆಗೆದ ನಡುಮನೆಯ ಕಂಬಗಳ ಮೇಲೆಲ್ಲ ಅಂಥ ಗೆರೆಯೊಂದು ತಂತಿ ಎಳೆದಂತೆ ಹಾದುಹೋಗಿದೆ.

ಎರಡನೆಯದು ಬೆಳಕು. 1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಮ್ಯಾಡಾಕ್ಸ್ ಸೂಚಿಸಿದ ಜೆಲಟಿನ್ ಲೇಪವೇ ಇಂದಿಗೂ ಫಿಲ್ಮಿನ ಮೈ. ಅದರೊಳಗಿನ ಬೆಳ್ಳಿಯ ಲವಣದ ಹರಳುಗಳಿಗೆ ಮಸೂರದಿಂದ ಬಂದ ಬೆಳಕು, ಬೇರೆಡೆಯಿಂದ ನುಗ್ಗಿದ ಬೆಳಕು ಎಂಬ ಭೇದವಿಲ್ಲ. ಗೋಡೆ ಕೆಡವಿದ ದಿನ, ಗಾರೆಯವರ ಪುಟ್ಟ ಮಗ ಕುತೂಹಲದಿಂದ ಕ್ಯಾಮೆರಾದ ಹಿಂಬಾಗಿಲನ್ನು ತೆರೆದ. 36 ಚಿತ್ರಗಳೂ ಹೋದವೆಂದು ಮನೆಯವರು ಮರುಗಿದರು. ಹಾಗಾಗಲಿಲ್ಲ. ತೆಗೆದ ಫಿಲ್ಮು ಉರುಳೆಗೆ ಬಿಗಿಯಾಗಿ ಸುತ್ತಿಕೊಂಡಿರುತ್ತದೆ; ಹೊರಸುತ್ತುಗಳು ಬೆಳಕನ್ನು ತಾವುಂಡು ಒಳಸುತ್ತುಗಳನ್ನು ಕಾಯುತ್ತವೆ. ಕೊನೆಯಲ್ಲಿ ತೆಗೆದವು ಹೊರಗಿದ್ದುದರಿಂದ ಅಳಿದವು. ಮೊದಲು ತೆಗೆದವು ಉಳಿದವು.

ಗೋಡೆ ಬೀಳುವ ಚಿತ್ರ ಒಂದೂ ನಮ್ಮಲ್ಲಿಲ್ಲ. ಆ ಗೋಡೆಯ ಗೂಡು, ಅಮ್ಮ ಹಚ್ಚುತ್ತಿದ್ದ ದೀಪ ಅದರ ನೆತ್ತಿಗೆ ಬಿಟ್ಟ ಮಸಿ ಮಾತ್ರ ಇವೆ. ಈಗ ಅಲ್ಲಿ ದೊಡ್ಡ ಕಿಟಕಿಯಿದೆ. ನೆಗೆಟಿವನ್ನು ಅದಕ್ಕೆ ಎತ್ತಿ ಹಿಡಿದರೆ, ಕಪ್ಪು ಬಿಳುಪುಗಳು ತಿರುವುಮುರುವಾಗಿರುವುದರಿಂದ, ಆ ಮಸಿಯೇ ಬೆಳಗುತ್ತದೆ.