ಕಪ್ಪು-ಬಿಳುಪು ಫಿಲ್ಮ್ ಮತ್ತು ಅದಕ್ಕೊಪ್ಪುವ ಡೆವಲಪರ್

ಯಾವ ಫಿಲ್ಮ್ ಒಳ್ಳೆಯದು? ಯಾವ ಡೆವಲಪರ್ ಒಳ್ಳೆಯದು? ಛಾಯಾಗ್ರಹಣವನ್ನು ಕುರಿತು ಮಾತುಕತೆ ನಡೆದಾಗಲೆಲ್ಲ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳಿವು. ಕಾರ್ಯಕ್ರಮದ ಅರ್ಧ ಗಂಟೆಯಲ್ಲಿ ಇದಕ್ಕೆ ಸಮಾಧಾನವಾಗಿ ಉತ್ತರ ಹೇಳಲಾಗುವುದಿಲ್ಲ. ಪ್ರಶ್ನೆಯನ್ನು ಹೀಗೆ ಎರಡಾಗಿ ಒಡೆದು ಕೇಳುವುದರಲ್ಲೇ ತೊಡಕಿದೆ. ಮದುವೆಗೆ ಜಾತಕ ನೋಡುವವರು ಒಂದೇ ಜಾತಕ ಹಿಡಿದು ಕೂರುವುದಿಲ್ಲವಷ್ಟೆ. ಇಲ್ಲಿಯೂ ನೋಡಬೇಕಾದದ್ದು ಜೋಡಿಯನ್ನು.

ಮೊದಲು ಸ್ವಲ್ಪ ರಸಾಯನಶಾಸ್ತ್ರ. ಫಿಲ್ಮಿನ ಮೇಲೆ ಜೆಲಟಿನ್ ಪದರವಿದೆ. ಅದರಲ್ಲಿ ಸಿಲ್ವರ್ ಬ್ರೋಮೈಡಿನ ಅತಿ ಸಣ್ಣ ಹರಳುಗಳು ಹುದುಗಿವೆ. ಶಟರ್ ತೆರೆದು ಮುಚ್ಚುವಷ್ಟರಲ್ಲಿ ಬೆಳಕು ತಾಗಿದ ಹರಳಿನಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಒಂದೆಡೆ ಕೂಡಿಕೊಳ್ಳುತ್ತವೆ. ನಾಲ್ಕಾರು ಇದ್ದರೂ ಸಾಕು. ಕಣ್ಣಿಗೆ ಕಾಣದ ಈ ಚಿತ್ರವೇ ಸುಪ್ತ ಬಿಂಬ. ಡೆವಲಪರ್ ಎಂಬುದು ಒಂದು ಅಪಕರ್ಷಣಕಾರಿ ದ್ರಾವಣ. ಅದು ಆ ಕೆಲವು ಪರಮಾಣುಗಳಿರುವ ಹರಳನ್ನು ಹುಡುಕಿದಂತೆ ಹಿಡಿದು, ಎಲೆಕ್ಟ್ರಾನುಗಳನ್ನು ಒದಗಿಸಿ, ಇಡೀ ಹರಳನ್ನೇ ಬೆಳ್ಳಿಯಾಗಿ ಮಾರ್ಪಡಿಸುತ್ತದೆ. ಬೆಳಕು ಮಾಡಿದ ಕೆಲಸ ಹೀಗೆ ನೂರು ಕೋಟಿ ಪಟ್ಟಿನಷ್ಟು ಹಿಗ್ಗುತ್ತದೆ. ಬೆಳಕು ತಾಗದೆ ಉಳಿದ ಹರಳುಗಳನ್ನು ಆಮೇಲೆ ಫಿಕ್ಸರ್ ಕರಗಿಸಿ ತೆಗೆಯುತ್ತದೆ.

ಇದರಿಂದ ಒಂದು ವಿಷಯ ಸ್ಪಷ್ಟ. ಬೆಳಕೇ ತಾಗದ ಕಡೆ ಡೆವಲಪರ್‌ಗೆ ಕೆಲಸವಿಲ್ಲ. ನಾನಿದನ್ನು ಕಲಿತದ್ದು ಪುಸ್ತಕದಿಂದಲ್ಲ. ಬಿ.ಎಸ್ಸಿ. ಓದುತ್ತಿದ್ದಾಗ ದೀಪಾವಳಿಯ ಸಂಜೆ ಜಗಲಿಯಲ್ಲಿ ದೀಪ ಹಚ್ಚುತ್ತಿದ್ದ ಅಜ್ಜಿಯ ಚಿತ್ರ ತೆಗೆದೆ. ಕ್ಯಾಮೆರಾದಲ್ಲಿದ್ದದ್ದು 100 ವೇಗದ ಫಿಲ್ಮ್. ಬೆಳಕು ಸಾಲದೆಂದು ಗೊತ್ತಿತ್ತು. ಡೆವಲಪರಿನಲ್ಲಿ ಇನ್ನಷ್ಟು ಹೊತ್ತು ಬಿಟ್ಟರಾಯಿತು ಎಂದುಕೊಂಡೆ. ದುಪ್ಪಟ್ಟು ಹೊತ್ತು ಬಿಟ್ಟೆ. ನೆಗೆಟಿವ್‌ನಲ್ಲಿ ದೀಪದ ಕುಡಿ ಇದ್ದ ಜಾಗ ಮಸಿಯಂತೆ ಕಪ್ಪಾಗಿತ್ತು, ಅಜ್ಜಿಯ ಮುಖ ಇರಬೇಕಾದಲ್ಲಿ ಬರೀ ಗಾಜಿನಂಥ ಫಿಲ್ಮ್. ಮರುವರ್ಷದ ದೀಪಾವಳಿಗೆ ಅಜ್ಜಿ ಇರಲಿಲ್ಲ. ನೆರಳಿನ ಭಾಗದ ವಿವರವನ್ನು ನಿರ್ಧರಿಸುವುದು ನೀವು ಕೊಡುವ ಬೆಳಕು. ಡೆವಲಪರಿನ ಸಮಯ ಮುಖ್ಯವಾಗಿ ಹೆಚ್ಚಿಸುವುದು ಚಿತ್ರದ ಪ್ರಕಾಶಮಾನ ಭಾಗಗಳ ದಟ್ಟಣೆಯನ್ನು. ಹಳೆಯ ಛಾಯಾಗ್ರಾಹಕರು ನೆರಳನ್ನು ನೋಡಿ ಬೆಳಕು ಅಳೆಯಿರಿ ಎಂದು ಹೇಳುತ್ತಿದ್ದುದು ಇದಕ್ಕೇ.

ಇನ್ನು ಫಿಲ್ಮಿನ ಆಯ್ಕೆ. ಹರಳು ದೊಡ್ಡದಾದಷ್ಟೂ ಬೆಳಕಿನ ಕಣ ಅದಕ್ಕೆ ಸಿಕ್ಕಿಬೀಳುವ ಸಂಭವ ಹೆಚ್ಚು. ಆದ್ದರಿಂದ 400 ವೇಗದ ಫಿಲ್ಮ್ ಮಂದ ಬೆಳಕಿನಲ್ಲೂ ದುಡಿಯುತ್ತದೆ. ಆದರೆ ದೊಡ್ಡ ಹರಳು ದೊಡ್ಡ ಬೆಳ್ಳಿಯ ಗುಚ್ಛವಾಗುತ್ತದೆ. ಚಿತ್ರವನ್ನು ದೊಡ್ಡದು ಮಾಡಿದಾಗ ರವೆಯಂತೆ ಕಾಣುವುದು ಅದೇ. 1986ರಲ್ಲಿ ಕೊಡ್ಯಾಕ್ ಹೊರತಂದ ಟಿ-ಮ್ಯಾಕ್ಸ್ ಫಿಲ್ಮುಗಳಲ್ಲಿ ಹರಳುಗಳನ್ನು ಚಪ್ಪಟೆಯಾಗಿ ಬೆಳೆಸಿ ಈ ರವೆಯನ್ನು ಬಹಳಮಟ್ಟಿಗೆ ಕಡಿಮೆ ಮಾಡಿದರು. ಅವು ಒಳ್ಳೆಯ ಫಿಲ್ಮುಗಳೇ, ಆದರೆ ಸಮಯ, ಉಷ್ಣತೆಗಳಲ್ಲಿ ಸ್ವಲ್ಪ ತಪ್ಪಿದರೂ ಮುನಿಸಿಕೊಳ್ಳುತ್ತವೆ. ಕಲಿಯುವವರಿಗೆ ಟ್ರೈ-ಎಕ್ಸ್ ಅಥವಾ ಇಲ್ಫರ್ಡ್‌ನ ಎಚ್‌ಪಿ5 ಪ್ಲಸ್‌ನಂಥ ಹಳೆಯ ಜಾತಿಯ 400 ಫಿಲ್ಮೇ ಮೇಲು. ತಪ್ಪನ್ನು ಸಹಿಸಿಕೊಳ್ಳುವ ಗುಣ ಅವಕ್ಕಿದೆ. ಒಂದು ಕಾಲಕ್ಕೆ ಊಟಿಯ ಕಾರ್ಖಾನೆಯಿಂದ ಬರುತ್ತಿದ್ದ 'ಇಂದು' ಫಿಲ್ಮ್ ಈಗಿಲ್ಲ. ಇಂದು ಹೊರದೇಶದ ಫಿಲ್ಮಿಗೆ ದುಬಾರಿ ಬೆಲೆ ತೆರಬೇಕು. ಒಂದು ಸುರುಳಿ ಹಾಳಾದರೆ ವಿದ್ಯಾರ್ಥಿಯ ಜೇಬಿಗೆ ಅದು ಸಣ್ಣ ಪೆಟ್ಟಲ್ಲ.

ಅಂದಹಾಗೆ, 'ಆರ್ಥೊ' ಎಂದು ಬರೆದ ಫಿಲ್ಮ್ ಕೊಳ್ಳುವಾಗ ಜೋಕೆ. ಅದಕ್ಕೆ ಕೆಂಪು ಬಣ್ಣ ಕಾಣುವುದಿಲ್ಲ. ಹಣೆಯ ಕುಂಕುಮ ಕಾಡಿಗೆಯ ಬೊಟ್ಟಿನಂತೆ ಬರುತ್ತದೆ!

ಡೆವಲಪರುಗಳಲ್ಲಿ ಹಿರಿಯಣ್ಣನೆಂದರೆ ಡಿ-76. ಕೊಡ್ಯಾಕ್ ಇದನ್ನು 1920ರ ದಶಕದಲ್ಲಿ ಸಿನಿಮಾ ಫಿಲ್ಮಿಗಾಗಿ ರೂಪಿಸಿತು. ಇಲ್ಫರ್ಡ್‌ನ ಐಡಿ-11 ಕೂಡ ಹೆಚ್ಚುಕಡಿಮೆ ಇದೇ. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಹೈಡ್ರೊಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ. ಸಲ್ಫೈಟ್ ಅಷ್ಟೊಂದು ಏಕೆ? ಗಾಳಿಯಲ್ಲಿನ ಆಮ್ಲಜನಕದಿಂದ ದ್ರಾವಣವನ್ನು ಕಾಯುವುದಕ್ಕೆ ಅಷ್ಟು ಬೇಕಿಲ್ಲ. ಅದು ಹರಳಿನ ಅಂಚುಗಳನ್ನೂ ತುಸು ಕರಗಿಸಿ ರವೆಯನ್ನು ನಯಗೊಳಿಸುತ್ತದೆ, ಜೊತೆಗೆ ಚಿತ್ರದ ಹರಿತವನ್ನೂ ಒಂದಿಷ್ಟು ಮೊಂಡಾಗಿಸುತ್ತದೆ. ಸಮಪಾಲು ನೀರು ಬೆರೆಸಿದರೆ ಸಲ್ಫೈಟಿನ ಈ ಪ್ರಭಾವ ತಗ್ಗಿ ಹರಿತ ಮರಳುತ್ತದೆ, ರವೆ ಕೊಂಚ ಎದ್ದು ಕಾಣುತ್ತದೆ. 1891ರಷ್ಟು ಹಿಂದೆಯೇ ಬಂದ ರೋಡಿನಾಲ್ ಇದಕ್ಕೆ ವಿರುದ್ಧ ಸ್ವಭಾವದ್ದು. ರವೆಯನ್ನು ಅದು ಮರೆಮಾಚುವುದಿಲ್ಲ. ಆದ್ದರಿಂದ ರವೆ ಸಣ್ಣದಾಗಿರುವ ನಿಧಾನ ಫಿಲ್ಮಿಗೆ ಅದು ಚೆನ್ನಾಗಿ ಒಪ್ಪುತ್ತದೆ. 400 ಫಿಲ್ಮಿಗೆ ಹಾಕಿದರೆ ಮುಖದ ಮೇಲೆ ಮರಳು ಎರಚಿದಂತಾದೀತು. ಕೆಲವರಿಗೆ ಅದೇ ಇಷ್ಟ, ಅದು ಬೇರೆ ಮಾತು. 1996ರಲ್ಲಿ ಬಂದ ಎಕ್ಸ್‌ಟಾಲ್‌ನಲ್ಲಿ ವಿಟಮಿನ್ 'ಸಿ'ಯ ರಾಸಾಯನಿಕ ಸೋದರನೇ ಅಪಕರ್ಷಣಕಾರಿ ಎಂಬುದು ವಿಜ್ಞಾನ ವಿದ್ಯಾರ್ಥಿಗಳಿಗೆ ಸ್ವಾರಸ್ಯವೆನಿಸಬಹುದು.

ನಮ್ಮ ಹವೆಗೆ ಸಂಬಂಧಿಸಿದ ಮಾತೊಂದಿದೆ. ಡಬ್ಬಿಯ ಮೇಲಿನ ಸಮಯವೆಲ್ಲ ಸಾಮಾನ್ಯವಾಗಿ 20 ಡಿಗ್ರಿಗೆ. ಎಚ್‌ಪಿ5 ಪ್ಲಸ್‌ಗೆ ಐಡಿ-11ರಲ್ಲಿ ನೀರು ಬೆರೆಸದಿದ್ದರೆ ಏಳೂವರೆ ನಿಮಿಷ, ಸಮಪಾಲು ನೀರು ಬೆರೆಸಿದರೆ 13 ನಿಮಿಷ. ಕಲಬುರಗಿಯ ಏಪ್ರಿಲ್ ಇರಲಿ, ಬೆಂಗಳೂರಿನ ನಲ್ಲಿಯಲ್ಲೂ ಬೇಸಿಗೆಯಲ್ಲಿ 20 ಡಿಗ್ರಿಯ ನೀರು ಬರುವುದಿಲ್ಲ. ಉಷ್ಣತೆ ಏರಿದರೆ ಸಮಯ ತಗ್ಗಿಸಬೇಕು, ಆದರೆ ಅದು ಐದು ನಿಮಿಷಕ್ಕಿಂತ ಕೆಳಗಿಳಿದರೆ ಫಿಲ್ಮಿನ ಮೇಲೆ ಹದ ಒಂದೇ ಸಮ ಬರುವುದಿಲ್ಲ. ಹಾಗಾಗಿ ನಮ್ಮಲ್ಲಿ ನೀರು ಬೆರೆಸಿದ ದ್ರಾವಣವೇ ಕ್ಷೇಮ. ಡೆವಲಪರಿನ ಪಾತ್ರೆಯನ್ನು ಮಂಜುಗಡ್ಡೆ ಹಾಕಿದ ನೀರಿನ ಬೇಸಿನ್‌ನಲ್ಲಿ ಇಟ್ಟು ತಣಿಸಿ. ಮಂಜುಗಡ್ಡೆಯನ್ನು ದ್ರಾವಣಕ್ಕೇ ಹಾಕಬೇಡಿ.

ಒಂದು 400 ಫಿಲ್ಮ್, ಸಮಪಾಲು ನೀರಿನ ಡಿ-76: ಈ ಜೋಡಿಯಿಂದ ಹೊರಡಿ, ಹತ್ತು ಸುರುಳಿಯವರೆಗೆ ಬದಲಿಸಬೇಡಿ. ಮೊದಲ ಸುರುಳಿಯಲ್ಲಿ ಬಿಸಿಲು-ನೆರಳು ಎರಡೂ ಇರುವ ಒಂದೇ ದೃಶ್ಯವನ್ನು ಉದ್ದಕ್ಕೂ ತೆಗೆಯಿರಿ. ಕತ್ತಲೆಯಲ್ಲಿ ಅದನ್ನು ಎರಡು ತುಂಡು ಮಾಡಿ, ಒಂದನ್ನು ಮಾತ್ರ ಹೇಳಿದ ಸಮಯಕ್ಕೆ ತೊಳೆಯಿರಿ. ಬಿಸಿಲಿನ ಭಾಗ ತೀರ ಕಪ್ಪಾಗಿದ್ದರೆ ಎರಡನೆಯ ತುಂಡಿಗೆ ಸಮಯವನ್ನು ಐದರಲ್ಲೊಂದು ಪಾಲು ಇಳಿಸಿ. ಸಪ್ಪೆಯಾಗಿದ್ದರೆ ಅಷ್ಟೇ ಏರಿಸಿ. ನೆರಳಿನ ಭಾಗವೇ ಖಾಲಿಯಿದ್ದರೆ ಸಮಯದ ತಂಟೆಗೆ ಹೋಗದೆ, ಮುಂದಿನ ಸುರುಳಿಗೆ ಇನ್ನೊಂದು ಸ್ಟಾಪ್ ಬೆಳಕು ಕೊಡಿ.